ಬ್ರೇಕಿನ ಮೇಲಿಂದ ಕಾಲು ತೆಗೆಯುವ ವಿದ್ಯೆ

ಕಾರಿನ ಮೂರು ಪೆಡಲುಗಳಲ್ಲಿ ನನಗೆ ಮೊದಲಿನಿಂದಲೂ ನಡುವಿನದರ ಮೇಲೆ ಪಕ್ಷಪಾತ. ಎಡಗಡೆಯ ಕ್ಲಚ್ಚು ತಂಟೆಕೋರ. ಸ್ವಲ್ಪ ಅವಸರದಲ್ಲಿ ಬಿಟ್ಟರೆ ಗಾಡಿಯನ್ನು ಕಪ್ಪೆಯಂತೆ ಹಾರಿಸಿ ನಾಲ್ಕು ಜನರೆದುರು ಮರ್ಯಾದೆ ತೆಗೆಯುತ್ತದೆ. ಬಲಗಡೆಯ ಆಕ್ಸಿಲರೇಟರನ್ನು ನಾನು ನಂಬುವುದೇ ಇಲ್ಲ. ನಡುವಿನ ಬ್ರೇಕು ಮಾತ್ರ ಸಾಧು. ಅದು ಯಾರನ್ನೂ ಕೊಂದಿದ್ದಿಲ್ಲ, ಯಾರಿಗೂ ಗುದ್ದಿದ್ದಿಲ್ಲ, ಒತ್ತಿದಷ್ಟೂ ಒಳ್ಳೆಯದನ್ನೇ ಮಾಡುತ್ತದೆ ಎಂದು ತಿಳಿದುಕೊಂಡಿದ್ದೆ. ಐವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತವರ ಧರ್ಮ ಇದು. ನಮಗೆ ಹೋಗುವುದಕ್ಕಿಂತ ನಿಲ್ಲುವುದರಲ್ಲಿ ಹೆಚ್ಚು ಆಸಕ್ತಿ.

ನಾನು ಕಲಿತದ್ದೂ ವಿಚಿತ್ರ ಜಾಗದಲ್ಲಿ. ನಮ್ಮದು ಮೀನಿನ ವ್ಯಾಪಾರದ ಮನೆ. ಸಮುದ್ರದ ದಂಡೆಯಿಂದ ಬಲೆ, ಪೆಟ್ಟಿಗೆ ಎಳೆದು ತರಲು ನಮ್ಮ ಯಜಮಾನರು ಇಂಜಿನ್ನು ನಾಲ್ಕು ಚಕ್ರವನ್ನೂ ತಿರುಗಿಸುವ ಒಂದು ಹಳೆಯ ಜೀಪು ಕೊಂಡಿದ್ದರು. ಮಧ್ಯಾಹ್ನ ಅದು ಸುಮ್ಮನೆ ನಿಂತಿರುತ್ತಿತ್ತು. ಹಾಗೆ ನಿಂತ ಗಾಡಿಯನ್ನು ಕುಂದಾಪುರದ ಕೋಡಿ ಕಡಲತೀರದ ಮರಳಿನ ಮೇಲೆ ಆಚೆ ಈಚೆ ಓಡಿಸಿ ನಾನು ಡ್ರೈವರ್ ಆದೆ. ಮರಳಿನಲ್ಲಿ ಕಲಿಯುವುದರ ಸುಖವೆಂದರೆ ಗುದ್ದಲು ಅಲ್ಲಿ ಏನೂ ಇರುವುದಿಲ್ಲ. ಕಾಲೆತ್ತಿದರೆ ಸಾಕು, ಗಾಡಿ ತಾನಾಗಿ ಉಸಿರು ಬಿಟ್ಟು ಕೂತುಬಿಡುತ್ತದೆ. ಇಳಿಜಾರು ಎಂದರೇನೆಂದು ನನಗೆ ಗೊತ್ತಾಗುವ ಪ್ರಸಂಗವೇ ಇರಲಿಲ್ಲ. ನಮ್ಮ ಕಡೆ ಎತ್ತರವೆಂದರೆ ಕುಂದಾಪುರದ ಫ್ಲೈಓವರು. ಅದನ್ನು ಏರಿ ಇಳಿದು, ಸಾಸ್ತಾನದ ಟೋಲಿನಲ್ಲಿ ಗಂಭೀರವಾಗಿ ಬ್ರೇಕು ಒತ್ತಿ, ಬ್ರಹ್ಮಾವರದ ತಂಗಿಯ ಮನೆಗೆ ಹೋಗಿ ಬಂದರೆ ನನ್ನ ಮಟ್ಟಿಗೆ ಅದು ದೇಶಸಂಚಾರ.

ಯೋಚಿಸಿದರೆ ನಮ್ಮ ವಂಶಕ್ಕೇ ಬ್ರೇಕಿನ ಪರಿಚಯ ಕಡಿಮೆ. ದೋಣಿಗೆ ಬ್ರೇಕಿಲ್ಲ. ನಮ್ಮ ಮಾವ ಬದುಕಿಡೀ ದೋಣಿಯಲ್ಲೇ ಕಳೆದವರು. ಇಂಜಿನ್ ಕಡಿಮೆ ಮಾಡಿ, ನೀರು ನೋಡಿ, ಗಾಳಿ ನೋಡಿ, ಉಳಿದದ್ದನ್ನು ದೇವರಿಗೂ ದಂಡೆಯ ಮರಳಿಗೂ ಬಿಡುತ್ತಿದ್ದರು. ಪುರಾಣದ ರಥಗಳನ್ನೇ ನೋಡಿ. ಕುದುರೆಯ ಬಣ್ಣ ಹೇಳುತ್ತಾರೆ, ಬಾವುಟದ ಚಿತ್ರ ಹೇಳುತ್ತಾರೆ, ಸಾರಥಿಯ ಕುಲಗೋತ್ರ ಹೇಳುತ್ತಾರೆ, ಅದನ್ನು ನಿಲ್ಲಿಸುತ್ತಿದ್ದದ್ದು ಹೇಗೆ ಎಂದು ಯಾವ ಪುಣ್ಯಾತ್ಮನೂ ಹೇಳಿದ್ದಿಲ್ಲ. ಯಕ್ಷಗಾನದಲ್ಲಂತೂ ಎಷ್ಟೇ ವೇಗದ ರಥವಾದರೂ ಚಂಡೆಯ ಒಂದು ಪೆಟ್ಟಿಗೆ ಗಪ್ಪನೆ ನಿಲ್ಲುತ್ತದೆ. ಹಾಗಾಗಿ ಬ್ರೇಕು ಬಿಸಿಯಾಗುತ್ತದೆ, ಬಿಸಿಯಾದರೆ ಕೈಕೊಡುತ್ತದೆ ಎಂಬ ಜ್ಞಾನ ನನಗೆ ವಂಶದಿಂದಲೂ ಬರಲಿಲ್ಲ, ಯಕ್ಷಗಾನದ ಆಟದಿಂದಲೂ ಬರಲಿಲ್ಲ. ಅದು ಬಂದದ್ದು ಮಗಳ ಬಯಕೆಯ ಊಟ ಉಂಡು ಬರುವಾಗ.

ಮಗಳು ಚೈತ್ರಳನ್ನು ಕೊಟ್ಟದ್ದು ಬೈಂದೂರಿನ ಹತ್ತಿರದ ಯಡ್ತರೆಯಿಂದ ಒಳಗೆ, ಒಂದು ಗುಡ್ಡದ ಮೇಲಿನ ಮನೆಗೆ. ಗೇರು, ಅನಾನಸು ಬೆಳೆಯುವ ಒಳ್ಳೆಯ ಜನ. ಮನೆಯವರೆಗೆ ಗಾಡಿ ಹೋಗುತ್ತದೆ ಎಂದು ಸಂಬಂಧ ನೋಡುವಾಗಲೇ ಹೇಳಿದ್ದರು, ಅದು ಸುಳ್ಳಲ್ಲ. ಆದರೆ ಆ ದಾರಿಯನ್ನು ರಸ್ತೆ ಎನ್ನಬೇಕಾದರೆ ಅವರ ಮೇಲೆ ಸ್ವಲ್ಪ ಪ್ರೀತಿ ಬೇಕು. ಕೆಂಪು ಮುರಕಲ್ಲಿನ ಇಳಿಜಾರು, ಮಳೆ ಕೊರೆದ ಚರಂಡಿಗಳು, ಒಂದು ಪಕ್ಕ ಗುಡ್ಡ ಕಡಿದ ಮಣ್ಣಿನ ಗೋಡೆಯಂಥ ದರೆ, ಇನ್ನೊಂದು ಪಕ್ಕ ಕೆಳಗೆ ಗೇರುಮರಗಳ ತಲೆ ಕಾಣುವಷ್ಟು ತಗ್ಗು. ಬಸುರಿನ ಏಳನೆಯ ತಿಂಗಳಲ್ಲಿ ಬಯಕೆ ಮುಗಿಸಿ ಮಗಳನ್ನು ತವರಿಗೆ ಕರೆದುಕೊಂಡು ಬರುವುದು ನಮ್ಮ ಪದ್ಧತಿ. ಅಷ್ಟು ಹೊತ್ತಿಗೆ ಮೀನಿನ ಸುಗ್ಗಿ. ಯಜಮಾನರು ಗಂಗೊಳ್ಳಿ ಬಂದರು ಬಿಟ್ಟು ಕದಲುವ ಹಾಗಿಲ್ಲ. "ಗಾಡಿ ಇತ್ತಲೆ, ನೀನೇ ಹೋಯ್ ಬಾ" ಎಂದರು. ನಾನೂ ನಮ್ಮ ಅತ್ತೆಯೂ ಹೊರಟೆವು. ಬೀಗರ ಮನೆಗೆ ಬರಿಗೈಯಲ್ಲಿ ಹೋಗಲಾಗುತ್ತದೆಯೇ? ಒಂದು ಥರ್ಮೊಕೋಲ್ ಪೆಟ್ಟಿಗೆಯಲ್ಲಿ ಐಸು ತುಂಬಿ ಅಂಜಲ್, ಬಂಗುಡೆ ಮೀನು ಇಟ್ಟುಕೊಂಡೆವು. ಅರ್ಧ ಬೀಗರಿಗೆ, ಬರುವಾಗ ಉಳಿದರ್ಧ ಬೈಂದೂರಿನಲ್ಲಿರುವ ಅತ್ತೆಯ ತಂಗಿಗೆ.

ಹತ್ತುವಾಗ ಏನೂ ಆಗಲಿಲ್ಲ. ಜೀಪು ಗುರುಗುಟ್ಟುತ್ತಾ ಹತ್ತಿತು, ನಾನು ದೊಡ್ಡ ಡ್ರೈವರಳಂತೆ ಇಳಿದೆ, ಬೀಗಿತ್ತಿ ಬೆರಗಾದರು. ಆ ಬೆರಗೇ ನನ್ನ ತಲೆಗೇರಿತು ಎಂದು ಕಾಣುತ್ತದೆ. ಸಂಜೆ ಹೊರಡುವಾಗ ಅಳಿಯ ನನ್ನ ಬಳಿ ಬಂದು, "ಅತ್ತೆ, ಇಳಿತ ಒಂಚೂರ್ ಕಷ್ಟ ಇತ್ತ್. ಕೆಳಗಿನ ಟಾರ್ ರಸ್ತಿ ತನಕ ನಾ ಬಿಟ್ಟ್ ಕೊಡ್ತೆ" ಎಂದ. ನಾನು ನಕ್ಕೆ. ಹತ್ತಿಸಿಕೊಂಡು ಬಂದವಳಿಗೆ ಇಳಿಸುವುದು ಒಂದು ಲೆಕ್ಕವೇ? "ಬ್ಯಾಡ ಮಾರಾಯ, ನಾ ತಂದ್ ಗಾಡಿ ನಾನೇ ತಕಂಡ್ ಹೋತೆ" ಎಂದೆ. ಚೈತ್ರ ಗಂಡನ ಮುಖ ನೋಡಿದಳು, ನನ್ನ ಮುಖ ನೋಡಿದಳು, ಬಾಯಿ ತೆರೆದು ಮತ್ತೆ ಮುಚ್ಚಿದಳು. ಅವಳನ್ನು ಎದುರಿನ ಸೀಟಿನಲ್ಲಿ ದಿಂಬು ಕೊಟ್ಟು ಕೂರಿಸಿದೆವು. ಅತ್ತೆ ಹಿಂದೆ, ಮೀನಿನ ಪೆಟ್ಟಿಗೆಯನ್ನು ಮೊಮ್ಮಗುವಿನಂತೆ ತಬ್ಬಿಕೊಂಡು ಕೂತರು.

ಹೊರಡುವ ಮೊದಲು ಅತ್ತೆ ಎರಡು ಕಟ್ಟಳೆ ಹಾಕಿದರು. ಒಂದು: "ಹೆಣೆ, ನಿಧಾನ್ಕ್ ಹೋಯ್ಕ್. ಹೊಟ್ಟಿಯಲ್ಲಿಪ್ಪ ಮಗಿಗೆ ಗೊತ್ತೇ ಆಪುಕಾಗ." ಎರಡು: "ಬಸ್ರಿಯನ್ನ್ ಕರ್ಕಂಡ್ ಬಪ್ಪತ್ತಿಗೆ ಗಾಡಿ ದಾರಿ ಮಧ್ಯ ನಿಲ್ಲೂಕಾಗ." ಈ ಎರಡು ಕಟ್ಟಳೆಗಳನ್ನು ಒಟ್ಟಿಗೆ ಪಾಲಿಸುವ ಗಾಡಿ ಇನ್ನೂ ಹುಟ್ಟಿಲ್ಲ ಎಂದು ನನಗೆ ಆಮೇಲೆ ಗೊತ್ತಾಯಿತು. ನಿಧಾನವಾಗಿ ಹೋಗಬೇಕಾದರೆ ಬ್ರೇಕು ಒತ್ತಬೇಕು. ನಿಲ್ಲಬಾರದು ಎಂದರೆ ಒತ್ತಿದ ಬ್ರೇಕಿಗೆ ವಿಶ್ರಾಂತಿಯಿಲ್ಲ. ನಾನೋ, ಸಾಧುವಾದ ನಡುವಿನ ಪೆಡಲಿನ ಭಕ್ತೆ. ಎರಡನೆಯ ಗೇರಿಗೆ ಹಾಕಿ, ಗಾಡಿ ಜಗ್ಗಿತೆನಿಸಿದಲ್ಲೆಲ್ಲ ಕ್ಲಚ್ಚನ್ನೂ ಒತ್ತಿ, ಬ್ರೇಕಿನ ಮೇಲೆ ಕಾಲಿಟ್ಟವಳು ತೆಗೆಯಲೇ ಇಲ್ಲ. ಗಾಡಿ ಮದುಮಗಳ ಹಾಗೆ ಹೆಜ್ಜೆ ಹೆಜ್ಜೆಗೆ ಇಳಿಯಿತು. ಒಂದು ಕಲ್ಲು ಸಿಕ್ಕಿದರೆ ಅತ್ತೆ "ನಿಧಾನ" ಎನ್ನುವರು, ನಾನು ಒತ್ತುವೆ. ಒಂದು ಗುಂಡಿ ಬಂದರೆ ನಾನೇ ನನಗೆ "ನಿಧಾನ" ಎಂದುಕೊಂಡು ಇನ್ನೂ ಒತ್ತುವೆ. ಮಗಳು ಕೈಯನ್ನು ಹೊಟ್ಟೆಯ ಮೇಲಿಟ್ಟರೆ ಸಾಕು, ನನ್ನ ಕಾಲು ಅರ್ಧ ಇಂಚು ಕೆಳಗೆ ಹೋಗುತ್ತಿತ್ತು.

ಅರ್ಧ ಗುಡ್ಡ ಇಳಿದಿರಬೇಕು, ವಾಸನೆ ಶುರುವಾಯಿತು. ನಮ್ಮ ಅತ್ತೆಯ ಮೂಗು ಸಾಮಾನ್ಯದ್ದಲ್ಲ. ಕಿವಿರು ನೋಡದೆ ಮೀನಿನ ವಯಸ್ಸು ಹೇಳುವ ಮೂಗು. "ಎಂತದೋ ಸುಟ್ಟ್ ವಾಸ್ನಿ ಬತ್ತಾ ಇತ್ತ್" ಎಂದವರು ಮೊದಲು ಪೆಟ್ಟಿಗೆಯನ್ನೇ ಮೂಸಿ ನೋಡಿ ಅಂಜಲನ್ನು ನಿರ್ದೋಷಿ ಎಂದು ಬಿಟ್ಟರು. ಯಾರೋ ತರಗೆಲೆಗೆ ಬೆಂಕಿ ಹಾಕಿರಬೇಕು ಎಂದೆ ನಾನು. ಅಡುಗೆಮನೆಯಲ್ಲಿ ಮೂವತ್ತು ವರ್ಷ ಒಗ್ಗರಣೆ ಹಾಕಿದವಳು, ಸೀದದ್ದು ಎಲೆಯೋ ಬೇರೆಯೋ ಎಂದು ತಿಳಿಯದೆ ಹೋದೆ. "ಅಮ್ಮ, ಅದ್ ಬ್ರೇಕಿಂದ್. ನಿಲ್ಸ್" ಎಂದಳು ಚೈತ್ರ. "ನಿಲ್ಸೂಕಾಗ!" ಎಂದು ಹಿಂದಿನಿಂದ ಬಂತು. ಎದುರಿನ ಚಕ್ರದ ಸಂದಿನಿಂದ ತೆಳುವಾಗಿ ಹೊಗೆ ಏಳುವುದು ಅಷ್ಟರಲ್ಲಿ ನನಗೂ ಕಂಡಿತು. ಅತ್ತೆಯೋ ಮಗಳೋ ಎಂದು ಒಂದು ಕ್ಷಣ ತೂಗಿ ನೋಡಿ, ಮಗಳ ಮಾತಿನಂತೆ ನಿಲ್ಲಿಸಲೆಂದು ಒತ್ತಿದೆ. ಪೆಡಲು ಮೆತ್ತಗೆ, ನೆನೆದ ಸ್ಪಂಜಿನ ಹಾಗೆ, ಕೆಳಗೆ ಹೋಯಿತು. ಗಾಡಿ ನಿಲ್ಲಲಿಲ್ಲ.

ಆ ಹೊತ್ತಿನ ಹೆದರಿಕೆಯನ್ನು ನಾನು ತಮಾಷೆ ಮಾಡಲಾರೆ. ಎಡಗಡೆ ತಗ್ಗು, ತಗ್ಗಿನ ಬದಿಯ ಸೀಟಿನಲ್ಲಿ ನನ್ನ ಮಗಳು, ಅವಳ ಹೊಟ್ಟೆಯಲ್ಲಿ ಇನ್ನೂ ಹೆಸರಿಲ್ಲದ ಒಂದು ಜೀವ. ಮುಂದೆ ತಿರುವು. ಮತ್ತೆ ಒತ್ತಿದೆ, ಮತ್ತೆ ನೆಲ ಮುಟ್ಟಿತು. ಬಾಯಿಗೆ ದೇವರ ಹೆಸರೂ ಬರಲಿಲ್ಲ. ಬಂದದ್ದು ಮಗಳ ದನಿ, ಒಂದಿಷ್ಟೂ ಏರದೆ, ಅಂಗಡಿಯಲ್ಲಿ ಸಾಮಾನು ಹೇಳುವ ಹಾಗೆ: "ಅಮ್ಮ, ಕ್ಲಚ್ ಬಿಡ್. ಬಲ್ಗಡಿ ದರಿಗೆ ಒರ್ಸ್." ಕ್ಲಚ್ಚು ಬಿಟ್ಟೆ. ಗಾಡಿ ಒಮ್ಮೆ ಮುಗ್ಗರಿಸಿ ವೇಗ ಕಳೆದುಕೊಂಡಿತು. ಸ್ಟಿಯರಿಂಗ್ ಬಲಕ್ಕೆ ತಿರುಗಿಸಿದೆ. ಜೀಪು ದರೆಯ ಮಣ್ಣನ್ನು ಕರ್ರೆಂದು ಉಜ್ಜಿ, ಅದಕ್ಕೆ ಹೆಗಲು ಕೊಟ್ಟು, ಇಂಜಿನ್ ಆರಿ ನಿಂತಿತು. ಬಾಗಿಲಿನ ಬಣ್ಣ ಹೋಯಿತು. ಅದು ಬಿಟ್ಟರೆ ಎಲ್ಲರೂ ಇದ್ದೆವು, ಅಂಜಲ್ ಸಮೇತ.

ನಾನು ಮಗಳ ಹೊಟ್ಟೆ ಮುಟ್ಟಿ ನೋಡಿದೆ. ಒಳಗಿನಿಂದ ಒಂದು ಒದೆ ಬಿತ್ತು. ಹೋದ ಜೀವ ಬಂತು ಎನ್ನುತ್ತಾರಲ್ಲ, ನನಗೆ ಎರಡು ಮೂರು ಜೀವ ಒಟ್ಟಿಗೇ ಬಂದ ಹಾಗಾಯಿತು. ಅತ್ತೆಗೆ ಮಾತ್ರ ಬೇರೆ ಚಿಂತೆ. ಗಾಡಿ ದಾರಿ ಮಧ್ಯ ನಿಂತಿತಲ್ಲ! ಅವರು ಕಿಟಕಿಯಿಂದ ಆಚೆ ನೋಡಿ, ಕೊನೆಗೆ ತಾವೇ ತೀರ್ಪು ಕೊಟ್ಟರು: "ಇದ್ ನಿಂತದ್ದಲ್ಲ, ಒರ್ಗಿದ್ದ್. ಒರ್ಗೂಕ್ ಅಡ್ಡಿಲ್ಲ." ದೊಡ್ಡ ದೊಡ್ಡ ವಕೀಲರಿಗೂ ಹೊಳೆಯದ ವಾದ ಇದು.

ನನ್ನ ಬದಿಯ ಬಾಗಿಲಿಗೆ ದರೆ ಅಡ್ಡ. ಗೇರು ಬದಲಿಸುವ ಕಡ್ಡಿಗಳನ್ನು ದಾಟಿ, ಮಗಳ ಕಾಲಿನ ಮುಂದೆ ನುಸುಳಿ ಅವಳ ಬದಿಯಿಂದ ಇಳಿಯುವಷ್ಟರಲ್ಲಿ ನನ್ನ ಸೀರೆ ಎಲ್ಲೆಲ್ಲಿಗೋ ಸಿಕ್ಕಿಕೊಂಡಿತು. ಇಳಿಯುವ ಮೊದಲು ಹ್ಯಾಂಡ್ ಬ್ರೇಕು ಎಳೆಯಲು ಹೋದಾಗ ಚೈತ್ರ ಕೈ ಹಿಡಿದಿದ್ದಳು. "ಎಳೀಬ್ಯಾಡ, ಬಿಸಿಗೆ ಅಂಟ್ಕಂತ್. ಗೇರಲ್ಲೇ ಇರ್ಲಿ, ಚಕ್ರಕ್ಕೆ ಕಲ್ ಕೊಡುವ." ನಾನು ಮುರಕಲ್ಲು ಹೊತ್ತು ತಂದು ಚಕ್ರಕ್ಕೆ ಕೊಟ್ಟು ತಿರುಗಿ ನೋಡುತ್ತೇನೆ, ಅತ್ತೆ ಮೀನಿನ ಪೆಟ್ಟಿಗೆಯ ಮುಚ್ಚಳ ತೆಗೆದು ಎರಡು ಕೈಯಲ್ಲಿ ಐಸು ಬಾಚಿಕೊಂಡು ಹೊಗೆಯಾಡುವ ಚಕ್ರದ ಕಡೆ ಬರುತ್ತಿದ್ದಾರೆ! ನಮ್ಮ ಮನೆಯಲ್ಲಿ ಐಸು ಸರ್ವರೋಗಕ್ಕೆ ಮದ್ದು. ಮೀನಿಗೆ ಐಸು, ಉಳುಕಿಗೆ ಐಸು, ಜ್ವರಕ್ಕೆ ಐಸು. ಕಾದ ಚಕ್ರಕ್ಕೆ ಐಸು ಬೇಡ ಎಂದರೆ ಅವರು ಕೇಳಿಯಾರೇ? "ಇಷ್ಟ್ ವರ್ಷ ಐಸಿಂದ ಎಂತ ಹಾಳಾಯ್ತ್ ಹೇಳ್ ಕಾಂಬ" ಎಂದು ನನ್ನನ್ನೇ ಕೇಳಿದರು. ಚೈತ್ರ ಗಾಡಿಯೊಳಗಿಂದಲೇ ಕೇಳಿದಳು: "ಅಜ್ಜಿ, ಕಾದ್ ಬೀಡಿನ್ ಕಾವಲಿಗೆ ತಣ್ಣೀರ್ ಹೊಯ್ರೆ ಎಂತಾತ್?"

"ಬಿರ್ಕ್ ಬಿಡತ್."

"ಇದೂ ಬೀಡೇ."

ಅತ್ತೆ ನಿಂತಲ್ಲೇ ನಿಂತರು. ಬೀಡಿನ, ಎಂದರೆ ಎರಕದ ಕಬ್ಬಿಣದ, ನೀರುದೋಸೆಯ ಕಾವಲಿಯೊಂದು ಹಾಗೆ ಒಡೆದು ಎರಡು ತಲೆಮಾರಿನ ಹೆಂಗಸರು ಬೈಸಿಕೊಂಡ ಕಥೆ ನಮ್ಮ ಮನೆಯಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. ಅವರು ಐಸನ್ನು ಮತ್ತೆ ಅಂಜಲಿನ ಮೇಲೆ ಸುರಿದು, ತಣ್ಣಗಾದ ಕೈಯನ್ನು ನನ್ನ ಕೆನ್ನೆಗೆ ಒತ್ತಿದರು. ಚಕ್ರಕ್ಕಲ್ಲದಿದ್ದರೂ ಯಾರಿಗಾದರೂ ಆಗಲಿ ಎಂದು. ನಿಜ ಹೇಳಬೇಕೆಂದರೆ ಅದರ ಅಗತ್ಯ ನನಗೇ ಹೆಚ್ಚಿತ್ತು.

ಮೂವರೂ ಗೇರುಮರದ ನೆರಳಿನಲ್ಲಿ ಕೂತು ಬೀಗರು ಕಟ್ಟಿಕೊಟ್ಟ ಕಡುಬು ಬಿಚ್ಚಿದೆವು. ಬೈಕಿನಲ್ಲಿ ಹೋಗುತ್ತಿದ್ದವನೊಬ್ಬ "ಹ್ವಾಯ್, ಎಂತಾಯ್ತ್ ಮರ್ರೆ?" ಎಂದು ನಿಲ್ಲಿಸಿದ. ಮೇಲೆ ಹೋಗಿ ಅಳಿಯನಿಗೆ ಸುದ್ದಿ ಮುಟ್ಟಿಸುವನೋ ಎಂದು ನಾನು, "ಎಂತ ಇಲ್ಲ, ಒಂಚೂರ್ ಗಾಳಿ ತಕಂಬುಕ್ ಕೂತದ್" ಎಂದೆ. ಅವನು ದರೆಗೆ ಹೆಗಲು ಕೊಟ್ಟ ಜೀಪನ್ನು ನೋಡಿದ, ಹೊಗೆ ನೋಡಿದ, ಕಡುಬು ನೋಡಿದ. ಸಭ್ಯ ಮನುಷ್ಯ, ತಲೆಯಾಡಿಸಿ ಬೈಕಿಗೆ ಕಿಕ್ ಹೊಡೆದು ಹೋದ.

ಅವನು ಹೋದ ಮೇಲೆ ಮಗಳನ್ನು ಕೇಳಿದೆ. ಕ್ಲಚ್ಚು, ಬೀಡು, ಹ್ಯಾಂಡ್ ಬ್ರೇಕು ಇದೆಲ್ಲ ನಿನಗೆ ಹೇಗೆ ಗೊತ್ತು? ಅವಳು ಕಡುಬಿನ ಎಲೆ ಮಡಚುತ್ತಾ, "ನಾನ್ ಗಾಡಿ ಬಿಡ್ತೆ ಅಮ್ಮ. ಇದೇ ದಾರಿಯಂಗೆ. ಅನಾನಸ್ ತುಂಬ್ಕಂಡ್ ಅವ್ರ ಪಿಕಪ್ ಎಷ್ಟ್ ಸಲ ಇಳ್ಸಿದ್ದೆ" ಎಂದಳು. ಮದುವೆಯಾದ ಮರುವರ್ಷವೇ ಡ್ರೈವಿಂಗ್ ಕಲಿತಳಂತೆ. ನನಗೆ ಮೊದಲು ಸಿಟ್ಟು ಬಂತು, ಆಮೇಲೆ ಬೇಜಾರು.

"ಮತ್ತೆ ನಂಗ್ ಹೇಳ್ಲೇ ಇಲ್ಲ?"

"ಹೇಳ್ರೆ ನೀನ್ ರಾತ್ರಿ ಮನಿಕಂತಿದ್ಯಾ?"

ಅವಳು ಸಣ್ಣವಳಿದ್ದಾಗ ಸೈಕಲ್ಲಿನ ಹಿಂದೆ ಓಡಿದವಳು ನಾನು. ಬಿಟ್ಟೆ ಬಿಟ್ಟೆ ಎನ್ನುತ್ತಾ ಕ್ಯಾರಿಯರ್ ಹಿಡಿದೇ ಇದ್ದೆ. ಅವಳು ಬಸುರಿಯಾದ ಮೇಲಂತೂ ನಾವೆಲ್ಲ ಅವಳನ್ನು ಕೇಳುತ್ತಿದ್ದದ್ದು ಏನು ತಿನ್ನುತ್ತೀ ಎಂಬುದೊಂದನ್ನೇ. ಜಾಗ್ರತೆ, ನಿಧಾನ, ಮೆಲ್ಲಗೆ ಎಂದು ಮೂರು ಹೊತ್ತೂ ಒತ್ತುತ್ತಿದ್ದೆವು. ಅಳಿಯನ ಎದುರು ಅವಳು ಬಾಯಿ ತೆರೆದು ಮುಚ್ಚಿದ್ದು ಆಗ ನನಗೆ ಅರ್ಥವಾಯಿತು.

ಚಕ್ರದಿಂದ ಬಿಸಿ ಹೊಡೆಯುವುದು ನಿಂತು, ಒತ್ತಿದರೆ ಪೆಡಲು ಮತ್ತೆ ಗಟ್ಟಿಯಾದ ಮೇಲೆ ಚೈತ್ರ ನನಗೆ ಪಾಠ ಹೇಳಿದಳು. ಒಂದೇ ಸಮನೆ ಒತ್ತಿದರೆ ಬ್ರೇಕಿನ ಒಳಗಿನ ಎಣ್ಣೆ ಕುದಿದು ಗುಳ್ಳೆಯೇಳುತ್ತದಂತೆ. ಆಮೇಲೆ ನಾವು ಒತ್ತುವುದು ಆ ಗುಳ್ಳೆಯನ್ನು, ಚಕ್ರವನ್ನಲ್ಲ. ಬೇಕಾದಲ್ಲಿ ಗಟ್ಟಿಯಾಗಿ ಒತ್ತಿ ಪೂರ್ತಿ ಬಿಡಬೇಕು. ಉಳಿದ ಕೆಲಸ ಗೇರಿನದು. ದೊಡ್ಡ ಗೇರುಕಡ್ಡಿಯ ಪಕ್ಕದಲ್ಲಿ ಒಂದು ಗಿಡ್ಡ ಕಡ್ಡಿ ಇದೆಯಲ್ಲ, ಇಂಥ ಇಳಿತಕ್ಕೆಂದೇ ಇರುವುದು ಅದು. ಆ ಕಡ್ಡಿಗೆ ನಾನು ಇಷ್ಟು ವರ್ಷ ತರಕಾರಿಯ ಕೈಚೀಲ ನೇತು ಹಾಕುತ್ತಿದ್ದೆ.

ಕಲ್ಲು ತೆಗೆದು, ಗಾಡಿಯನ್ನು ಸ್ವಲ್ಪ ಹಿಂದೆ ತೆಗೆದು, ಗಿಡ್ಡ ಕಡ್ಡಿಯನ್ನೂ ಒಂದನೇ ಗೇರನ್ನೂ ಹಾಕಿ ಇಳಿತದ ಬಾಯಿಗೆ ಮುಖ ಮಾಡಿದೆ. "ಈಗ ಕಾಲ್ ತೆಗಿ" ಎಂದಳು ಮಗಳು.

"ಯಾವ್ದರಿಂದ?"

"ಎಲ್ಲದ್ರಿಂದ್ಲೂ."

"ಗಾಡಿ ಓಡಿ ಹೋತ್ ಅಲ್ದನಾ?"

"ಹೋತಿಲ್ಲ. ಇಂಜಿನ್ ಹಿಡ್ಕಂತ್. ತೆಗಿ ಅಮ್ಮ, ನಾನ್ ಇದ್ನಲೆ."

ನೀವು ಎಂದಾದರೂ ಇಳಿಜಾರಿನ ತಲೆಯಲ್ಲಿ, ಬಸುರಿ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬ್ರೇಕಿನ ಮೇಲಿಂದ ಕಾಲು ತೆಗೆದಿದ್ದೀರಾ? ಬುದ್ಧಿ ತೆಗೆ ಎನ್ನುತ್ತದೆ, ಕಾಲು ಕೇಳುವುದಿಲ್ಲ. ಕೊನೆಗೆ ನಾನು ಎರಡೂ ಪಾದಗಳನ್ನು ಸೀಟಿನ ಕೆಳಗೆ ಮಡಚಿ ಕೂತೆ. ಜೀಪು ಒಂದು ಸಲ ಮುಂದಕ್ಕೆ ಜಗ್ಗಿತು, ಇಂಜಿನ್ನು ಗೊರ್ರೆಂದಿತು, ಮತ್ತೆ ಯಾರೋ ಹಿಂದಿನಿಂದ ಹಗ್ಗ ಹಿಡಿದು ಬಿಡುತ್ತಿದ್ದಾರೋ ಎಂಬ ಹಾಗೆ ಒಂದೇ ಹದದಲ್ಲಿ ಇಳಿಯತೊಡಗಿತು. ನನ್ನ ಒತ್ತುವಿಕೆಗಿಂತ ನಿಧಾನ. ವಾಸನೆಯಿಲ್ಲ, ಹೊಗೆಯಿಲ್ಲ. ಅತ್ತೆ ಒಮ್ಮೆಯೂ "ನಿಧಾನ" ಎನ್ನಲಿಲ್ಲ. ಇನ್ನೂ ನಿಧಾನವಾಗಲು ಅಲ್ಲಿ ಏನೂ ಉಳಿದಿರಲಿಲ್ಲ. ತಿರುವಿನಲ್ಲಿ ಮಗಳು "ಈಗ ಒಂದ್ಸಲ ಒತ್ತಿ ಬಿಡ್" ಎನ್ನುವಳು. ನಾನು ಒತ್ತಿ ಬಿಡುವೆ. ಟಾರು ರಸ್ತೆ ಸಿಕ್ಕಿದಾಗ ಅದನ್ನು ಇಳಿದು ಮುಟ್ಟಿ ನಮಸ್ಕರಿಸೋಣ ಎನಿಸಿತು. ಬೈಂದೂರಿನ ಗ್ಯಾರೇಜಿನಲ್ಲಿ ಬ್ರೇಕಿನ ಎಣ್ಣೆ ಬದಲಿಸಿದರು, ಸವೆದದ್ದನ್ನು ತೆಗೆದು ಹೊಸತು ಹಾಕಿದರು. ಅಷ್ಟು ಹೊತ್ತಿಗೆ ಸುದ್ದಿ ಕೇಳಿ ಗಂಗೊಳ್ಳಿಯಿಂದ ಓಡಿ ಬಂದ ಯಜಮಾನರು ಬಾಗಿಲಿನ ಗೀರು ನೋಡಿ ಬಾಯಿ ತೆರೆದರು, ನನ್ನ ಮುಖ ನೋಡಿ ಮುಚ್ಚಿದರು. ಅತ್ತೆಯ ತಂಗಿಗೆ ಅಂಜಲ್ ತಾಜಾವಾಗಿಯೇ ತಲುಪಿತು.

ಹೆರಿಗೆ ಸುಸೂತ್ರವಾಯಿತು. ಹೆಣ್ಣುಮಗು. ಬಾಣಂತನ ಮುಗಿಸಿ ಇಬ್ಬರನ್ನೂ ಗುಡ್ಡದ ಮನೆಗೆ ಬಿಟ್ಟು, ನಾನು ನಾಲ್ಕು ದಿನ ಅಲ್ಲೇ ಉಳಿದೆ. ಕಳೆದ ವಾರ ಮಗುವಿಗೆ ಚುಚ್ಚುಮದ್ದು ಹಾಕಿಸಲು ಬೈಂದೂರಿಗೆ ಹೊರಟಾಗ ಚೈತ್ರಳೇ ನಮ್ಮ ಜೀಪಿನ ಸ್ಟಿಯರಿಂಗ್ ಹಿಡಿದಳು. ನಾನು ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತೆ. ಅದೇ ಇಳಿತ, ಅದೇ ತಿರುವು. ನಾನು ಒಂದು ಮಾತೂ ಆಡಲಿಲ್ಲ. ಆಡಬಾರದೆಂದು ತುಟಿ ಕಚ್ಚಿಕೊಂಡಿದ್ದೆ. ಮಗು ಸುಖವಾಗಿ ನಿದ್ರೆ ಮಾಡಿತು. ಟಾರು ರಸ್ತೆ ಬಂದಾಗ ನನ್ನ ಬಲಗಾಲು ಮರಗಟ್ಟಿ ನೋಯುತ್ತಿತ್ತು. ಬಗ್ಗಿ ನೋಡುತ್ತೇನೆ, ಗುಡ್ಡದ ತುದಿಯಿಂದ ಬುಡದವರೆಗೂ ನಾನು ಗಾಡಿಯ ನೆಲವನ್ನು ಒತ್ತುತ್ತಲೇ ಬಂದಿದ್ದೆ. ಅಲ್ಲಿ ಪೆಡಲಿರಲಿಲ್ಲ, ಹಾಗಾಗಿ ಏನೂ ಬಿಸಿಯಾಗಲಿಲ್ಲ. ತಾಯಂದಿರು ಒತ್ತಬೇಕಾದ ಜಾಗ ಅದೇ ಇರಬೇಕು.